ಮೇಲಿನ ಕೋಣೆಗೆ ಒಂಬತ್ತನೇ ಸಲ

ಅಂಗಡಿಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತಾ? ಡಾಕ್ಟರು ಕೊಟ್ಟ ಮುಲಾಮನ್ನು ನೀನೇ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ದೊಡ್ಡಮ್ಮನ ಮೊಣಕಾಲಿಗೆ ದಾನ ಮಾಡಿದ್ದೀಯೋ? ಅಕ್ಕತಂಗಿಯರಿಬ್ಬರೂ ಒಂದೇ ಮನೆ ಸೇರಿದ ಮೇಲೆ ಯಾರ ಔಷಧಿ ಯಾರ ಹೊಟ್ಟೆಗೆ ಹೋಗುತ್ತಿದೆ ಎನ್ನುವುದು ದೇವರಿಗೇ ಗೊತ್ತು. ಆದಷ್ಟು ಮೆಟ್ಟಿಲು ಹತ್ತಬೇಡ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಕೌಂಟರಿನಲ್ಲಿ ಕೂತು ಕೂತು ನಿನ್ನ ಸೊಸೆ ಗಿರಾಕಿಗಳ ಕೋಟಿನ ಕಲೆ ನೋಡಿಯೇ ಅವರ ಸಂಸಾರದ ಗುಟ್ಟು ಹೇಳುವಷ್ಟು ಪಳಗಿದ್ದಾಳೆ. ಮೊಮ್ಮಗಳ ಹಲ್ಲಿಗೆ ತಂತಿ ಹಾಕಿಸಿದೆವು. ಎರಡು ದಿನ ಬಾಯಿ ಬಿಡಲಿಲ್ಲ, ಮನೆ ತಣ್ಣಗಿತ್ತು. ಈಗ ಬಡ್ಡಿ ಸಮೇತ ಮಾತಾಡುತ್ತಿದ್ದಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ಆ ಡೈರೆಕ್ಟರು ಗುರುವಾರ ಅಂಗಡಿಗೆ ಬಂದಿದ್ದ. "ಮಗ ಒಪ್ಪಿದ್ರೆ ಮಾಡ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ಹೇಳಿ ಅವನನ್ನು ನನ್ನ ತಲೆಗೆ ಕಟ್ಟಿದ್ದೀಯಲ್ಲ, ನಿನಗೆ ಏನನ್ನಬೇಕು? ಅರವತ್ತೊಂಬತ್ತು ವರ್ಷದ ಹೆಂಗಸು ಮತ್ತೆ ದೆವ್ವದ ಪಾರ್ಟು ಮಾಡಬೇಕೋ ಬೇಡವೋ ಎನ್ನುವುದನ್ನು ಡ್ರೈಕ್ಲೀನಿಂಗ್ ಅಂಗಡಿಯ ಮಗ ತೀರ್ಮಾನಿಸಬೇಕಂತೆ! ಈ ವಾರದೊಳಗೆ ಹೇಳಬೇಕಂತೆ. ನಿನಗೆ ಆಸೆ ಇದೆ ಎಂದು ನನಗೆ ಗೊತ್ತು. ದೊಡ್ಡಮ್ಮ ಫೋನಿನಲ್ಲಿ ಎಲ್ಲ ಹೇಳಿದಳು, ನೀನು ಕನ್ನಡಿಯ ಮುಂದೆ ನಿಂತು ಕತ್ತು ವಾಲಿಸಿ ನೋಡಿಕೊಂಡದ್ದನ್ನೂ ಹೇಳಿದಳು. ಅದಕ್ಕೇ ಅವನಿಗೆ ಉತ್ತರ ಕೊಡುವ ಮೊದಲು ನಿನಗೆ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳದೆ ಪೂರ್ತಿ ಓದು.

ಮೊದಲು ಆ ಸಿನಿಮಾದ ಯೋಗ್ಯತೆ ಮಾತಾಡೋಣ. ನೀನು ದೆವ್ವವಾಗಿದ್ದ ಮೊದಲನೇ 'ಮೇಲಿನ ಕೋಣೆ'ಯೂ ಏನು ಮಹಾ ಚಿತ್ರವಲ್ಲ. ಬಾಡಿಗೆಗೆ ಬಂದವರು ಮಹಡಿ ಹತ್ತಬೇಡಿ ಎಂದರೂ ಹತ್ತುತ್ತಾರೆ, ಸಾಯುತ್ತಾರೆ. ಮಾಡಿದವರಿಗೆ ಅಷ್ಟೇ ಗೊತ್ತಿತ್ತು, ಅಷ್ಟಕ್ಕೇ ನಿಲ್ಲಿಸಿದರು, ಸಂತೋಷ. ಎರಡನೆಯದರಲ್ಲಿ ಆ ಮನೆ ಸುಟ್ಟು ಬೂದಿಯಾಯಿತು. ಮೂರನೆಯದರಲ್ಲಿ ಅದೇ ಮನೆ, ಅದೇ ಕಿಟಕಿ, ಪರದೆ ಕೂಡ ಅದೇ. ನಾಲ್ಕನೆಯದಕ್ಕೆ 'ಕೊನೆಯ ಅಧ್ಯಾಯ' ಎಂದು ಹೆಸರಿಟ್ಟು ಜನರ ಕಣ್ಣಲ್ಲಿ ನೀರು ತರಿಸಿದರು, ಮಾರನೇ ವರ್ಷವೇ 'ಕೊನೆಯ ಅಧ್ಯಾಯದ ನಂತರ' ಎಂದು ಐದನೆಯದು ಬಂತು. ನಾಚಿಕೆ ಬೇಡವೇ? ಆರರಲ್ಲಿ ದೆವ್ವ ಹಡಗು ಹತ್ತಿತು. ಮಹಡಿ ಬಿಟ್ಟು ಕೆಳಗಿಳಿಯದ ದೆವ್ವಕ್ಕೆ ಹಡಗಿನ ಟಿಕೆಟ್ ತೆಗೆಸಿಕೊಟ್ಟವರು ಯಾರು ಎಂದು ನಾನು ಇವತ್ತಿಗೂ ಕೇಳುತ್ತಿದ್ದೇನೆ. ಏಳನ್ನು ವಿಶೇಷ ಕನ್ನಡಕ ಹಾಕಿಕೊಂಡು ನೋಡಬೇಕಿತ್ತು, ದೆವ್ವದ ಕೈ ಮುಖದ ಹತ್ತಿರಕ್ಕೇ ಬರುತ್ತದೆ ಎಂದಿದ್ದರು. ಕೈ ಬರುವ ಹೊತ್ತಿಗೆ ನನ್ನ ಪಕ್ಕದವನು ಕನ್ನಡಕದೊಳಗೇ ಗೊರಕೆ ಹೊಡೆಯುತ್ತಿದ್ದ. ಎಂಟನೆಯದರ ಬಗ್ಗೆ ಬರೆದರೆ ಪೆನ್ನಿಗೆ ಅವಮಾನ. ಬಾವಿಯ ಕೆಸರಿನಿಂದ ಎದ್ದು ಬಂದ ದೆವ್ವದ ಬಿಳಿ ಅಂಗಿಯ ತೋಳಿನಲ್ಲಿ ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು! ಆ ಬಾವಿ ಎಲ್ಲಿದೆ ಎಂದು ತಿಳಿದರೆ ನಾನೂ ಅಂಗಡಿಯ ಬಟ್ಟೆಯನ್ನೆಲ್ಲ ಅಲ್ಲಿಗೇ ಹಾಕಿ ಆರಾಮಾಗಿ ಇರುತ್ತಿದ್ದೆ. ಇಷ್ಟು ಬೈಯುವವನು ಎಂಟನ್ನೂ ಟಾಕೀಸಿಗೆ ಹೋಗಿ ಯಾಕೆ ನೋಡಿದೆ ಎಂದು ಕೇಳಬೇಡ. ಬೈಯಬೇಕಾದರೂ ನೋಡಬೇಕಲ್ಲ.

ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಮೊದಲನೆಯದು ಅಷ್ಟು ಚೆನ್ನಾಗಿ ಓಡಿದ ಮೇಲೆ ಎರಡನೆಯದಕ್ಕೂ ನಿನ್ನನ್ನೇ ಕರೆಯುತ್ತಾರೆ ಎಂದು ನೀನು ಕಾದೆ. ಕರೆಯಲಿಲ್ಲ. ನೀನೇ ಹೋಗಿ ಕೇಳಿದ್ದಕ್ಕೆ ಆ ಪ್ರೊಡ್ಯೂಸರು ಏನಂದ? "ಅಷ್ಟುದ್ದ ಕೂದ್ಲೊಳಗೆ ಯಾರಿದ್ರೇನಮ್ಮಾ, ಮುಖ ಕಾಣುತ್ತಾ?" ನೀನು ಅದನ್ನು ಮನೆಗೆ ಬಂದು ನಗುನಗುತ್ತಲೇ ಹೇಳಿ ಮತ್ತೆ ಹೊಲಿಗೆ ಮೆಷಿನ್ ಮುಂದೆ ಕೂತೆ. ಶಾಲೆಯಲ್ಲಿ ನನ್ನನ್ನು ಹುಡುಗರು 'ದೆವ್ವದ ಮರಿ' ಎನ್ನುತ್ತಿದ್ದರು, ನಾನು ಎದೆ ಉಬ್ಬಿಸಿಕೊಂಡೇ ತಿರುಗುತ್ತಿದ್ದೆ. ಎರಡನೆಯದು ಬಂದ ಮೇಲೆ ಒಬ್ಬ "ಈಗಿನ ದೆವ್ವ ನಿಮ್ಮಮ್ಮ ಅಲ್ವಂತಲ್ಲೋ" ಎಂದ. ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ಆವತ್ತಿನದು, ನಿನಗೆ ಹೇಳಿದ ಹಾಗೆ ಬಿದ್ದದ್ದಲ್ಲ. ಆಮೇಲೆ ಏಳು ಜನ ಹೆಂಗಸರು ಆ ಕೂದಲು ಹಾಕಿಕೊಂಡು ನಿಂತರು, ಒಬ್ಬರಿಗೂ ನಿಲ್ಲುವುದಕ್ಕೆ ಬರಲಿಲ್ಲ. ನೀನು ಸುಮ್ಮನೆ ನಿಂತಿರುತ್ತಿದ್ದೆ, ಅದಕ್ಕೇ ಭಯವಾಗುತ್ತಿತ್ತು. ಇವರು ಹೆದರಿಸುವುದಕ್ಕೆಂದೇ ನಿಲ್ಲುತ್ತಿದ್ದರು. ಈಗ ಎಂಟನೆಯದು ಮಕಾಡೆ ಮಲಗಿತಲ್ಲ, ಇವರಿಗೆಲ್ಲ ಇದ್ದಕ್ಕಿದ್ದ ಹಾಗೆ 'ಅಸಲಿ ದೆವ್ವ'ದ ನೆನಪಾಗಿದೆ.

ಡೈರೆಕ್ಟರ ಅವತಾರ ಕೇಳು. ಮೂವತ್ತು ತುಂಬಿದೆಯೋ ಇಲ್ಲವೋ, ಗಡ್ಡ ಮಾತ್ರ ಎದೆಯವರೆಗೆ. ಬಂದವನೇ ನನ್ನ ಕೈ ಹಿಡಿದು, "ಸಾರ್, ನಿಮ್ಮ ತಾಯಿ ನನ್ನ ಬಾಲ್ಯ ಹಾಳು ಮಾಡಿದ್ರು" ಎಂದು ಹಲ್ಲು ಕಿರಿದ. ಹೊಗಳಿಕೆಯಂತೆ ಅದು. ನಿನ್ನ ಸೊಸೆಯ ಕಣ್ಣೆಲ್ಲ ಅವನ ಶರ್ಟಿನ ಮೇಲಿದ್ದ ಕಾಫಿ ಕಲೆಯ ಮೇಲೆ. "ಒಣಗಿದ್ರೆ ಹೋಗಲ್ಲ, ಬಿಚ್ಚಿ" ಎಂದು ಬಿಚ್ಚಿಸಿಯೇಬಿಟ್ಟಳು. ಹಾಗಾಗಿ ಒಂಬತ್ತನೇ ಭಾಗದ ಕಥೆಯನ್ನು ಆ ಮಹಾನುಭಾವ ಬನಿಯನ್ನಿನಲ್ಲಿ ನಿಂತು ಹೇಳಿದ. ತೂಗುಹಾಕಿದ್ದ ಕೋಟುಗಳ ನಡುವಿನಿಂದ ತೂರಿ ಬಂದು ದೆವ್ವ ಹೇಗೆ ಎಗರುತ್ತದೆ ಎಂದು ತೋರಿಸಿದ, ಕಿರುಚಿಯೂ ತೋರಿಸಿದ. ಗಂಡನ ಸೂಟು ತೆಗೆದುಕೊಂಡು ಹೋಗಲು ಬಂದಿದ್ದ ಟೀಚರಮ್ಮ ಬಾಗಿಲಲ್ಲೇ ತಿರುಗಿ ಹೋದವರು ಇನ್ನೂ ಬಂದಿಲ್ಲ. ಇಡೀ ಸಿನಿಮಾ ಸರಣಿಯಲ್ಲಿ ಮೊದಲನೆಯದು ಬಿಟ್ಟರೆ ಯಾರಾದರೂ ನಿಜವಾಗಿ ಹೆದರಿದ್ದು ಇದೇ ಇರಬೇಕು.

ಆಮೇಲೆ ನಿನ್ನ ಕತ್ತಿನ ವಿಚಾರ ಎತ್ತಿದ. ದೆವ್ವ ಕತ್ತನ್ನು ಬಲಕ್ಕೆ ವಾಲಿಸಿ ನಿಲ್ಲುತ್ತದಲ್ಲ, ಅದು ಸಮಾಜಕ್ಕೆ ಕೇಳಿದ ಪ್ರಶ್ನೆಯಂತೆ! ಅದರ ಬಗ್ಗೆ ಅವನು ಕಾಲೇಜಿನಲ್ಲಿ ಪ್ರಬಂಧ ಬರೆದಿದ್ದಾನಂತೆ. ನನಗೆ ನಗು ತಡೆಯಲಾಗದೆ ಕೆಮ್ಮಿದೆ. ಆ ಪಾರ್ಟಿಗೆ ಮೊದಲು ಗೊತ್ತಾಗಿದ್ದ ದಪ್ಪ ತಲೆಯ ನಟಿ ಕೈ ಕೊಟ್ಟಿದ್ದು, ಬಟ್ಟೆ ಹೊಲಿದುಕೊಡಲು ಹೋಗಿದ್ದ ನಿನ್ನನ್ನೇ ಹಿಡಿದು ನಿಲ್ಲಿಸಿದ್ದು, ಅವಳ ಅಳತೆಯ ಕೂದಲ ಟೋಪಿ ನಿನ್ನ ಪುಟ್ಟ ತಲೆಯಿಂದ ಎಡಕ್ಕೆ ಜಾರಿ ಜಾರಿ ಬೀಳುತ್ತಿದ್ದದ್ದು, ಅದು ಬೀಳದಿರಲಿ ಎಂದು ನೀನು ಕತ್ತನ್ನು ಬಲಕ್ಕೆ ವಾಲಿಸಿಕೊಂಡೇ ಇಡೀ ಸಿನಿಮಾ ಮುಗಿಸಿದ್ದು, ಇದನ್ನೆಲ್ಲ ನಾನು ಹೇಳಲಿಲ್ಲ. ಆಮೇಲಿನ ಏಳು ಜನ ಅಳತೆಗೆ ಸರಿಯಾದ ಕೂದಲು ಹಾಕಿಕೊಂಡೂ ಕತ್ತು ನೋಯಿಸಿಕೊಂಡರಲ್ಲ, ಪಾಪ. ಇಷ್ಟು ಸಾಲದೆಂದು, ಅರ್ಧ ಸಿನಿಮಾದಲ್ಲಿ ಕಂಪ್ಯೂಟರಿನಿಂದ ನಿನ್ನ ಸುಕ್ಕನ್ನೆಲ್ಲ ಅಳಿಸಿ ಆಗಿನ ವಯಸ್ಸಿಗೆ ತರುತ್ತಾರಂತೆ. ಕಲೆ ತೆಗೆಯುವುದು ನನ್ನ ಕಸುಬು. ನಿನ್ನ ಮುಖದಲ್ಲಿ ತೆಗೆಯುವಂಥದ್ದು ನನಗೇನೂ ಕಾಣುವುದಿಲ್ಲ. ಕೊನೆಯ ದೃಶ್ಯವನ್ನೂ ಅವನು ಕೈ ಆಡಿಸಿ ಆಡಿಸಿ ವಿವರಿಸಿದ. ಅದು ಮುಗಿಯುತ್ತಿದ್ದ ಹಾಗೆ ನಾನು ಒದ್ದೆ ಶರ್ಟನ್ನೇ ಅವನ ಕೈಗೆ ತುರುಕಿ, ಅಂಗಡಿ ಮುಚ್ಚುವ ಹೊತ್ತಾಯಿತು ಎಂದು ಹೊರಗೆ ಕಳಿಸಿದೆ. ಆಗಿನ್ನೂ ಹಾಡು ಹಗಲು.

ಆದ್ದರಿಂದ ನನ್ನ ಮಾತು ಇಷ್ಟೇ. ಬೇಡ. ಆಗ ಬೇಡವಾಗಿದ್ದವಳು ಈಗ ಇವರ ಮುಳುಗುವ ಅಂಗಡಿ ಎತ್ತಿ ನಿಲ್ಲಿಸಲು ಯಾಕೆ ಹೋಗಬೇಕು? ಈ ಸರಣಿ ತಾನಾಗಿ ಸಾಯುವುದಿಲ್ಲ, ಯಾರಾದರೂ ಒಂದು ಸಲ ಕತ್ತು ಹಿಸುಕಿ ಮುಗಿಸಿದರೆ ಲೋಕಕ್ಕೇ ಉಪಕಾರ. ನೀನು ಇಷ್ಟು ವರ್ಷ ಮರ್ಯಾದೆಯಾಗಿದ್ದೀಯ, ಇನ್ನು ಮುಂದೆಯೂ ಹಾಗೇ ಇರು. ನಿನಗೆ ಬೇಸರವಾಗುತ್ತದೆ ಎಂದು ಗೊತ್ತು, ಬೈಯಬೇಕೆನಿಸಿದರೆ ಫೋನ್ ಮಾಡಿ ಬೈ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು, ಉಪ್ಪು ಕಡಿಮೆ ತಿನ್ನಲು ಹೇಳು. ಸೊಸೆಯೂ ಮೊಮ್ಮಗಳೂ ನಿನ್ನನ್ನು ಕೇಳಿದ್ದಾರೆ. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ, ಮುಲಾಮು ನಿನ್ನ ಮೊಣಕಾಲ ಮೇಲಿರಲಿ.

ನಿನ್ನ ಪ್ರೀತಿಯ,
ಮಗ

ತಾ.ಕ.: ಲಕೋಟೆಗೆ ಹಾಕುವ ಮೊದಲು ನಿನ್ನ ಸೊಸೆ ಇದನ್ನು ಓದಿ, "ಇಷ್ಟುದ್ದ ಬೈದಿದ್ದೀರಿ, ನಿಜವಾದ ಕಾರಣ ಎಲ್ಲಿ?" ಎಂದಳು. ನಿಜವಾದ ಕಾರಣ ಆ ಕೊನೆಯ ದೃಶ್ಯ. ಅದರಲ್ಲಿ ದೆವ್ವಕ್ಕೆ ಬಿಡುಗಡೆಯಾಗುತ್ತದಂತೆ, ನೀನು ಬಿಳಿ ಬಟ್ಟೆ ಹೊದ್ದು ಮಂಚದ ಮೇಲೆ ಕಣ್ಣು ಮುಚ್ಚುತ್ತೀಯಂತೆ, ಕ್ಯಾಮೆರಾ ನಿನ್ನ ಮುಖ ಬಿಟ್ಟು ಕದಲುವುದಿಲ್ಲವಂತೆ. ಹೋದ ವರ್ಷ ಎದೆಯ ಆಪರೇಷನ್ ಆದ ದಿನ ನಿನ್ನನ್ನು ಹಾಗೇ ಮಲಗಿಸಿದ್ದರು, ನಾನು ಬಾಗಿಲ ಗಾಜಿನಿಂದ ನೋಡುತ್ತಾ ನಿಂತಿದ್ದೆ. ನಿನಗೆ ಎಚ್ಚರವಾದಾಗ ನಗುತ್ತಾ ಒಳಗೆ ಬಂದೆನಲ್ಲ, ಅದಕ್ಕೆ ಮುಂಚೆ ನನ್ನ ಗತಿ ಏನಾಗಿತ್ತು ಎಂದು ನಿನಗೆ ಗೊತ್ತಿಲ್ಲ. ಇನ್ನೊಂದು ಸಲ ನನ್ನಿಂದಾಗುವುದಿಲ್ಲ ಅಮ್ಮಾ, ಸುಳ್ಳಿಗೂ ಆಗುವುದಿಲ್ಲ. ಆದರೆ ಕನ್ನಡಿಯ ಮುಂದೆ ನಿಂತಿರುವ ನಿನಗೆ ಬೇಡ ಎನ್ನಲೂ ಆಗುತ್ತಿಲ್ಲ. ಅದಕ್ಕೆ ಈಗಷ್ಟೇ ಡೈರೆಕ್ಟರಿಗೆ ಫೋನ್ ಮಾಡಿದೆ. ಅಮ್ಮ ಬರುತ್ತಾಳೆ, ಯಾರನ್ನು ಬೇಕಾದರೂ ಕೊಲ್ಲುತ್ತಾಳೆ, ಆದರೆ ಅವಳು ಸಾಯಕೂಡದು ಎಂದೆ. "ಅದು ಹೇಗ್ ಸಾರ್? ದೆವ್ವ ಸಾಯದಿದ್ರೆ ಕಥೆ ಮುಗಿಯೋದೇ ಇಲ್ಲ, ಹತ್ತನೇದೂ ತೆಗೀಬೇಕಾಗುತ್ತೆ" ಎಂದ. ತೆಗೀರಿ ಎಂದೆ.