ನಾನು ‘ಬೇಡ’ ಎಂದು ಬರೆದುಕೊಟ್ಟ ಹದಿನೇಳು ಸಿಗ್ನಲ್ ಜನರೇಟರ್‌ಗಳು

ಉಗ್ರಾಣ ವಿಲೇವಾರಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾಂತ್ರಿಕ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಉಳಿದಿರುವ ಹನ್ನೊಂದು ಹಳೆಯ ಸಿಗ್ನಲ್ ಜನರೇಟರ್‌ಗಳನ್ನು, ಅಂದರೆ ರೇಡಿಯೊ ಪರೀಕ್ಷಿಸಲು ಬೇಕಾದ ಕಂಪನಾಂಕದ ಸಿಗ್ನಲ್ ಹೊರಡಿಸುವ ಪೆಟ್ಟಿಗೆಗಳನ್ನು, ನೀವು ಬರುವ ಸೋಮವಾರ ಗುಜರಿ ಲಾರಿಗೆ ಹತ್ತಿಸುತ್ತಿದ್ದೀರಿ. ದಯವಿಟ್ಟು ಹತ್ತಿಸಬೇಡಿ. ಆದೇಶದಲ್ಲಿ ‘ವಿಷಯ ತಜ್ಞರ ಅಭಿಪ್ರಾಯದ ಮೇರೆಗೆ’ ಎಂದು ಬರೆದಿದ್ದೀರಲ್ಲ, ಆ ತಜ್ಞ ನಾನೇ. ವಯಸ್ಸು ಇಪ್ಪತ್ತೊಂದು. ಅರ್ಹತೆ, ಹಳೆಯ ಉಪಕರಣಗಳ ಹುಚ್ಚರು ಸೇರುವ ಮೂರು ಚಾಟ್ ಗ್ರೂಪುಗಳ ಸದಸ್ಯತ್ವ. ಒಂದರಲ್ಲಿ ಅಡ್ಮಿನ್ ಕೂಡ ಹೌದು, ಅದನ್ನು ಆದೇಶದಲ್ಲಿ ಸೇರಿಸಲು ಮರೆತಿದ್ದೀರಿ.

ಕಳೆದ ವರ್ಷ ಶೆಡ್ಡಿನ ಸಾಮಾನುಗಳ ಪಟ್ಟಿ ಮಾಡಿಕೊಡುತ್ತೇನೆಂದು ನಾನೇ ಮೇಲೆ ಬಿದ್ದು ಬಂದೆ. ಉಗ್ರಾಣದವರು ಬೀಗದ ಕೈ ಕೊಟ್ಟು, ಸದ್ಯ ಒಬ್ಬ ಸಿಕ್ಕಿದನಲ್ಲ ಎಂದು ಚಹಾ ಕುಡಿಯಲು ಹೋದರು. ಒಂದೊಂದು ಮೀಟರಿನ, ಆಸಿಲೋಸ್ಕೋಪಿನ ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಹೊರದೇಶದವಕ್ಕೆ ಹೃದಯಗಳ ಸುರಿಮಳೆ. ಇಲ್ಲೇ ರೈಲ್ವೆ ಗೇಟಿನ ಹಿಂದೆ ಇದ್ದ, ಈಗ ಟೈಲ್ಸ್ ಗೋದಾಮಾಗಿರುವ ಸಣ್ಣ ಕಾರ್ಖಾನೆಯ ಹದಿನೆಂಟು ಸಿಗ್ನಲ್ ಜನರೇಟರ್‌ಗಳಿಗೆ ಬಂದಿದ್ದು ಒಂದೇ ಉತ್ತರ: “ಕಾಪಿ ಮಾಲು ಗುರು. ಡಯಲ್ ನೋಡು, ಗೆರೆ ಎಲ್ಲಾ ಅಡ್ಡಾದಿಡ್ಡಿ.” ನೋಡಿದೆ. ನಿಜ, ಒಂದರ ಗೆರೆಗಳಂತೆ ಇನ್ನೊಂದರದ್ದಿಲ್ಲ. ‘ಮುದ್ರಣ ಕಳಪೆ, ಬೇಡ’ ಎಂದು ಹದಿನೇಳಕ್ಕೆ ಷರಾ ಬರೆದೆ. ಮಾದರಿಗೆಂದು ಒಂದನ್ನು ಕಾಲೇಜಿನ ಪ್ರದರ್ಶನದ ಗಾಜಿನ ಕಪಾಟಿಗೆ ಇಟ್ಟೆ. ಬೇರೆ ಕೆಲವದರಂತೆ ಅದರ ಡಯಲೂ ಮಾಸಿತ್ತು. ಪಕ್ಕದ್ದರ ಒಳ್ಳೆಯ ಡಯಲ್ ಬಿಚ್ಚಿ ಇದಕ್ಕೆ ಹಾಕಿ, ಇದರದ್ದನ್ನು ಅದಕ್ಕೆ ಕೂರಿಸಿದೆ. ಯಾವುದರಿಂದ ಬಿಚ್ಚಿದೆ ಎಂದು ಬರೆದುಕೊಳ್ಳಲಿಲ್ಲ. ಯಾಕೆ ಬರೆದುಕೊಳ್ಳಬೇಕು, ಎಲ್ಲ ಒಂದೇ ಅಲ್ಲವೇ?

ಕಪಾಟಿನ ಫೋಟೊವನ್ನು ನನ್ನ ಸೋದರತ್ತೆಗೆ ತೋರಿಸಿದೆ. ಅವರು ಹಿಂದೆ ಯಾವುದೋ ‘ಫ್ಯಾಕ್ಟರಿ’ಯಲ್ಲಿದ್ದರು ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ನಾನು ಕೇಳಿದವನೇ ಅಲ್ಲ. ಕನ್ನಡಕ ಏರಿಸಿ ನೋಡಿದರು.

“ಈ ಏಳು ನಂದು ಕಣೋ.”

“ಯಾವ ಏಳು ಅತ್ತೆ?”

“ಡಯಲ್ ಮೇಲಿರೋ ಏಳು. ನಾನು ಬರೆದಿದ್ದು. ಹನ್ನೊಂದು ವರ್ಷ ಅದೇ ಕೆಲಸ.”

“ಅದು ಪ್ರಿಂಟ್ ಅಲ್ವಾ?”

“ಏನೋ ಪಂಡಿತ, ಪ್ರಿಂಟ್ ಹಾಕಿದ್ರೆ ಸುಳ್ಳು ಹೇಳಲ್ವಾ ಅದು? ಒಂದು ಪೆಟ್ಟಿಗೆ ಇದ್ದ ಹಾಗೆ ಇನ್ನೊಂದು ಇರಲ್ಲ. ಅರ್ಧ ಗಂಟೆ ಬಿಸಿಯಾಗೋಕೆ ಬಿಡ್ಬೇಕು. ಆಮೇಲೆ ಹೆಡ್‌ಫೋನ್ ಹಾಕ್ಕೊಂಡು, ಸರಿಯಾದ ಅಂಕಿ ಕೊಡೋ ನಮ್ಮ ಅಸಲಿ ಯಂತ್ರದ ಸಿಗ್ನಲ್ ಜೊತೆ ಇದರದ್ದನ್ನ ಕೂಡಿಸಿ, ಗುಬಟು ತಿರುಗಿಸ್ತಾ ಹೋಗ್ಬೇಕು. ಕುಯ್ಯೋ ಅನ್ನೋ ಸದ್ದು ಇಳಿದು ಇಳಿದು ಪೂರ್ತಿ ಅಡಗುತ್ತಲ್ಲ, ಅಲ್ಲಿ ಒಂದು ಗೆರೆ. ಒಂದು ಡಯಲ್‌ಗೆ ಅರವತ್ತು ಗೆರೆ.”

ಅಂದರೆ ನಾನು ಕಳಪೆ ಎಂದಿದ್ದು ಆ ಪೆಟ್ಟಿಗೆಗಳ ನಿಖರತೆಯನ್ನು. ಕಪಾಟಿನಲ್ಲಿ ನಾನು ಉಳಿಸಿದ ಒಂದೇ ಒಂದು ಈಗ ಇನ್ಯಾವುದೋ ಪೆಟ್ಟಿಗೆಯ ಗೆರೆ ಹೊತ್ತು ತಪ್ಪು ಅಂಕಿ ತೋರಿಸುತ್ತ ಕೂತಿದೆ. ಅತ್ತೆ ಮುಂದಕ್ಕೂ ಹೇಳುತ್ತಿದ್ದರು, ತಪ್ಪಾದರೆ ಬ್ಲೇಡಿನಿಂದ ಹೇಗೆ ಕೆರೆಯುತ್ತಿದ್ದರು, ಮೇಸ್ತ್ರಿ ಹೇಗೆ ರೇಗುತ್ತಿದ್ದರು ಎಂದೆಲ್ಲ. ಪಟ್ಟಿ ಬರೆದವನು ನಾನು ಎಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಅದೇ ವಾರ ಮೊದಲ ಲಾರಿ ಬಂತು. ಆರು ಹೋದವು.

ಮಾನ್ಯರೇ, ತಪ್ಪು ನನ್ನದು, ಜಾರಿಕೊಳ್ಳುವುದಿಲ್ಲ. ಆದರೂ ಒಂದು ಮಾತು. ಒಂದು ಬಲ್ಬ್ ಬದಲಿಸಲು ಮೂರು ಸಹಿ ಕೇಳುವ ನಿಮ್ಮ ಕಚೇರಿ, ಇವನ್ನು ಮಾಡಿದವರು ಯಾರು, ಬದುಕಿದ್ದಾರೆಯೇ ಎಂದು ಒಬ್ಬರನ್ನಾದರೂ ಕೇಳಿತೇ? ಆ ಕಾರ್ಖಾನೆಯ ಒಂದು ಕಾಗದವೂ ಉಳಿದಿಲ್ಲ. ಅಲ್ಲಿ ಯಾರು ಹೇಗೆ ಕೆಲಸ ಮಾಡಿದರು ಎಂಬುದಕ್ಕೆ ಸಾಕ್ಷಿ ಆ ಹನ್ನೊಂದು ಡಯಲ್‌ಗಳು, ಮತ್ತು ಅವನ್ನು ಓದಬಲ್ಲ ನನ್ನ ಅತ್ತೆ. ಎರಡೂ ಒಂದೇ ಊರಿನಲ್ಲಿ, ಎರಡು ಬಸ್ ನಿಲ್ದಾಣದ ದೂರದಲ್ಲಿವೆ. ನೀವು ಮಾಡಬೇಕಾದ್ದು ಕಷ್ಟದ್ದೇನಲ್ಲ. ಲಾರಿ ನಿಲ್ಲಿಸಿ. ನನ್ನ ಷರಾ ಹೊಡೆದುಹಾಕಿ. ಶೆಡ್ಡಿಗೆ ಒಂದು ವಿದ್ಯುತ್ ಸಂಪರ್ಕ, ಒಂದು ಮೇಜು ಕೊಡಿ. ಕಪಾಟಿನದಕ್ಕೆ ಯಾವ ಡಯಲ್ ಸೇರಬೇಕು ಎಂದು ಅವರು ಕಿವಿಯಿಂದಲೇ ಹುಡುಕುತ್ತಾರೆ. ಅದು ಹೋದ ಆರರಲ್ಲಿ ಇತ್ತೋ ಏನೋ, ಗೊತ್ತಿಲ್ಲ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅತ್ತೆಗೆ ಓದಿ ಹೇಳಿದೆ. ‘ತಜ್ಞ ನಾನೇ’ ಎಂಬಲ್ಲಿ ಅವರು ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು. ಓದು ಮುಗಿದ ಮೇಲೆ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು.

“ಬೈಯೋದಿದೆ, ಆಮೇಲೆ ಬೈತೀನಿ,” ಎಂದರು. “ಸೋಮವಾರ ಬಾಗಿಲು ಎಷ್ಟು ಹೊತ್ತಿಗೆ ತೆಗೀತಾರೆ, ಅದನ್ನ ಕೇಳು ಮೊದಲು.”

ಎಷ್ಟು ಹೊತ್ತಿಗೆ ತೆಗೆಯುತ್ತೀರಿ, ಮಾನ್ಯರೇ?

ಇಂತಿ,
ಬೈಗುಳ ಬಾಕಿ ಇರುವ ಸೋದರಳಿಯ