ಒಳಗೆ ಕೆಂಪಗಿದ್ದ ಖೀಮಾ

ಮಾರ್ಚ್ ೧೪, ಶನಿವಾರ

ಇನ್ನೂ ನನ್ನ ಹೆಂಡತಿಗೆ ಜ್ವರವಿಲ್ಲ. ಎಷ್ಟೋ ಕಾಲ ಮಾತು ಬಿಟ್ಟಿದ್ದ ಅಣ್ಣ ಇವತ್ತು ಮನೆಗೆ ಬಂದು, ಬಸುರಿಯಾದ ಅವಳಿಗೆಂದು ತಾನೇ ದನದ ಖೀಮಾದ ಕಟ್ಲೆಟ್ ಮಾಡಿ ಬಡಿಸಿದ. ಅವಳು ಅರ್ಧ ತಿಂದ ಮೇಲೆ ನೋಡಿದರೆ ಒಳಗೆಲ್ಲ ಕೆಂಪು. ತಟ್ಟೆ ಕಿತ್ತುಕೊಂಡೆ.

"ಹೊರಗೆ ಚೆನ್ನಾಗಿ ಬೆಂದಿದೆಯಲ್ಲೋ," ಎಂದ ಅಣ್ಣ.

"ಇಡೀ ತುಂಡಾಗಿದ್ರೆ ಸರಿ. ಕೊಚ್ಚಿದಾಗ ಹೊರಗಿನ ಕ್ರಿಮಿ ಒಳಗೂ ಸೇರುತ್ತೆ."

ಡಾಕ್ಟರಿಗೆ ಫೋನ್ ಮಾಡಿದೆ. "ಬಣ್ಣ ನೋಡಿ ಹೇಳೋಕಾಗಲ್ಲ. ಒಳಗೆ ಎಷ್ಟು ಬಿಸಿಯಾಗಿತ್ತು ಅನ್ನೋದು ಮುಖ್ಯ. ಜ್ವರ, ಭೇದಿ ಶುರುವಾದ್ರೆ ತಕ್ಷಣ ಕರ್ಕೊಂಡು ಬನ್ನಿ," ಎಂದರು. ಬಿಸಿಯನ್ನು ಯಾರು ಅಳೆದಿದ್ದರು?

ಅಣ್ಣ ಊಟ ಮಾಡದೆ ಎದ್ದುಹೋದ. ಈಗ ಅವನ ಮೆಸೇಜು ಬಂದಿದೆ: "ಹೇಗಿದ್ದಾಳೆ?"

ಚೆನ್ನಾಗಿದ್ದಾಳೆಂದು ಬರೆದರೆ ನಾಳೆ ಸುಳ್ಳಾದೀತೆಂಬ ಭಯ. ಬರೆಯದಿದ್ದರೆ ಅವನು ಮತ್ತೆ ಈ ಮನೆಯ ಹೊಸಿಲು ತುಳಿಯುತ್ತಾನೋ ಇಲ್ಲವೋ.