ಚೆಲ್ಲಬೇಕಿದ್ದ ಮಣ್ಣಿನಲ್ಲಿ ಸಿಕ್ಕ ಹಲ್ಲು

ಅರಿಯಲೂರು, ತಮಿಳುನಾಡು
ಬುಧವಾರ

ಮಿಶ್ರಿಕೋಟಿಯ ಚಿಗವ್ವನಿಗೆ ಶಾಂಭವಿಯ ಶರಣು.

ನಾನು ಹಳೆಯ ಎಲುಬು ತೊಳೆಯುವ ಈ ಸುಣ್ಣದಕಲ್ಲಿನ ಗಣಿ ಏಳು ಕೋಟಿ ವರ್ಷದ ಹಿಂದೆ ಸಮುದ್ರವಾಗಿತ್ತು. ಅದರಲ್ಲಿ ನಮ್ಮ ಚಕ್ಕಡಿಯ ಮೂರು ಪಟ್ಟು ಉದ್ದದ ಬೇಟೆಗಾರ ಪ್ರಾಣಿ ಈಜುತ್ತಿತ್ತಂತೆ. ಅದರ ಮುರಿದ ದವಡೆ ಸಿಕ್ಕು ತಿಂಗಳಾಯಿತು. ಮೊಸಳೆಯದೆಂದು ಚೀಟಿ ಅಂಟಿಸಿ, ಸುತ್ತಲಿನ ಮಣ್ಣನ್ನು ಜರಡಿ ಹಿಡಿದು, ಉಳಿದದ್ದನ್ನು ಚೆಲ್ಲಲೆಂದು ಚೀಲ ತುಂಬಿ ಹೊರಗಿಟ್ಟಿದ್ದರು.

ನನಗೆ ನೀನೇ ನೆನಪಾದೆ. ಜೋಳದಲ್ಲಿನ ಕಲ್ಲು, ಹರಳು ಆರಿಸಿ ಹಸನು ಮಾಡಿ ಮುಗಿಸಿದರೂ, "ಹಳ್ಳ ಚೆಲ್ಲೂಕಿಂತ ಮೊದ್ಲ ಇನ್ನೊಮ್ಮಿ ನೋಡವಾ" ಎಂದು ಕೂರಿಸುತ್ತಿದ್ದೆ. ಆಗ ನಿನ್ನನ್ನು ಎಷ್ಟು ಬೈದುಕೊಂಡಿದ್ದೆನೋ! ನಿನ್ನೆ ಒಂದು ಚೀಲವನ್ನು ತಾಟಿಗೆ ಸುರಿದು, ನಿನ್ನಂತೆಯೇ ಬೆರಳಿಂದ ಸರಿಸುತ್ತ ಕೂತೆ. ಸಂಜೆಗೆ ಬೆರಳುದ್ದದ ಎಲುಬು ಸಿಕ್ಕಿತು. ಅದರ ಮೇಲೆ ಕೊಕ್ಕೆಯಂಥ ನಾಲ್ಕು ಹಲ್ಲು.

ನಮ್ಮ ಮೇಡಂ ಹುಬ್ಬಳ್ಳಿಯವರು. ನೋಡಿ ಕುಣಿದೇ ಬಿಟ್ಟರು. "ಇದು ಅಂಗುಳದ ಎಲುಬು, ಶಾಂಭವಿ! ಮೊಸಳಿಗೆ ಅಂಗುಳದಾಗ ಹಲ್ಲ ಇರೂದಿಲ್ಲ. ಇದು ಉಡ, ಹಾವಿನ ಬಳಗ. ಆಗಿನ ಸಮುದ್ರದ ದೈತ್ಯ, ಮೋಸಸಾರ್!" ಎಂದು ಮೊಸಳೆಯ ಚೀಟಿ ಕಿತ್ತರು.

ನಿನಗೆ ಇಲ್ಲಿಂದಲೇ ಕೈಮುಗಿದೆ, ಚಿಗವ್ವಾ. ನಾನು ಆರಾಮ ಇದ್ದೇನೆ, ರೊಟ್ಟಿ ಮಾತ್ರ ಸಿಗುವುದಿಲ್ಲ. ನಿನ್ನ ಕಣ್ಣಿನ ಆಪರೇಷನ್ನಿನ ಗಾಯ ಮಾಸಿತೇ?

ಕಾರ್ಡು ತುಂಬಿತು. ಹೊರಗಿಟ್ಟ ಹನ್ನೊಂದು ಚೀಲವನ್ನೂ ಮೇಡಂ ಒಳಗೆ ತರಿಸಿ, "ನಿಮ್ಮ ಚಿಗವ್ವಗ ಟಿಕೀಟ ತಗಸೂಣೇನು?" ಎಂದು ಕೇಳುತ್ತಿದ್ದಾರೆ. ಬಾ. ಕನ್ನಡಕ ಮರೆಯಬೇಡ.